ಅರವತ್ತು ವರ್ಷ ತಡವಾಗಿ ತಲುಪಿದ ಸಾಂತ್ವನ

ಗಾಬರಿಗೊಂಡವರಿಗೆ ಸಮಾಧಾನ ಹೇಳಲು ಇಂಗ್ಲಿಷರು ಇಂದು ಸಲೀಸಾಗಿ ಬಳಸುವ ‘ಕೀಪ್ ಕಾಮ್ ಅಂಡ್ ಕ್ಯಾರಿ ಆನ್’, ಎಂದರೆ ‘ಶಾಂತರಾಗಿರಿ, ಕೆಲಸ ಮುಂದುವರಿಸಿ’ ಎಂಬ ಮಾತು ಜನರ ನಾಲಗೆಯ ಮೇಲೆ ತಾನಾಗಿ ಹುಟ್ಟಿದ್ದಲ್ಲ. ಎರಡನೆಯ ಮಹಾಯುದ್ಧದ ಹೊಸ್ತಿಲಲ್ಲಿ, 1939ರಲ್ಲಿ, ಬ್ರಿಟನ್ ಸರ್ಕಾರ ಸಿದ್ಧಪಡಿಸಿದ ಭಿತ್ತಿಪತ್ರವೊಂದು ಅದರ ಮೂಲ.

ಯುದ್ಧ ಆರಂಭವಾದೊಡನೆ ಜರ್ಮನಿಯ ವಿಮಾನಗಳು ನಗರಗಳ ಮೇಲೆ ಬಾಂಬು ಸುರಿಸುತ್ತವೆ, ಜನ ಧೃತಿಗೆಡುತ್ತಾರೆ ಎಂದು ಅಂಜಿದ್ದ ಅಧಿಕಾರಿಗಳು, ಯುದ್ಧಕಾಲದ ಸುದ್ದಿ ಮತ್ತು ಪ್ರಚಾರದ ಹೊಣೆ ಹೊರಲಿದ್ದ ವಾರ್ತಾ ಸಚಿವಾಲಯಕ್ಕಾಗಿ ಮೂರು ಭಿತ್ತಿಪತ್ರಗಳನ್ನು ರೂಪಿಸಿದರು. ಮೂರರಲ್ಲೂ ಮೇಲೆ ದೊರೆಯ ಕಿರೀಟ, ಕೆಳಗೆ ದಪ್ಪಕ್ಷರದ ಕೆಲವೇ ಪದಗಳು. ಮೊದಲೆರಡು ಗೋಡೆಗಳನ್ನೇರಿದವು, ಮೂರನೆಯದಾದ ‘ಕೀಪ್ ಕಾಮ್’ ಸುಮಾರು 24.5 ಲಕ್ಷ ಪ್ರತಿಗಳಲ್ಲಿ ಅಚ್ಚಾದರೂ ಭಾರೀ ವಾಯುದಾಳಿಯ ದಿನಕ್ಕೆಂದು ಉಗ್ರಾಣದಲ್ಲೇ ಉಳಿಯಿತು.

ಅಷ್ಟರಲ್ಲಿ ಮೊದಲ ಭಿತ್ತಿಪತ್ರ ಟೀಕೆಗೆ ಗುರಿಯಾಗಿತ್ತು: ನಿಮ್ಮ ಧೈರ್ಯ, ನಿಮ್ಮ ಉಲ್ಲಾಸ, ನಿಮ್ಮ ದೃಢಸಂಕಲ್ಪ ನಮಗೆ ಗೆಲುವು ತರುತ್ತವೆ ಎಂಬ ಅದರ ಧಾಟಿಯಲ್ಲಿ, ಕಷ್ಟ ಜನರ ಪಾಲಿಗೆ, ಫಲ ಆಳುವವರ ಪಾಲಿಗೆ ಎಂಬ ಅರ್ಥ ಹಲವರಿಗೆ ಕಂಡಿತು. 1940ರಲ್ಲಿ ಕಾಗದದ ಅಭಾವ ತಲೆದೋರಿದಾಗ ದಾಸ್ತಾನಿನಲ್ಲಿದ್ದ ‘ಕೀಪ್ ಕಾಮ್’ ಪ್ರತಿಗಳ ಬಹುಪಾಲು ಮತ್ತೆ ಕಾಗದ ಮಾಡಲು ರದ್ದಿಗೆ ಹೋಯಿತು. ಅದೇ ಸೆಪ್ಟೆಂಬರಿನಿಂದ ಲಂಡನ್ನಿನ ಮೇಲೆ ಎಡೆಬಿಡದೆ ಬಾಂಬು ಬಿದ್ದಾಗ, ಸರ್ಕಾರದ ಈ ಉಪದೇಶದ ನೆರವಿಲ್ಲದೆಯೇ ಅಲ್ಲಿನ ಜನ ಬದುಕು ಸಾಗಿಸಿದರು.

ಉಳಿದ ಕೆಲವೇ ಪ್ರತಿಗಳಲ್ಲೊಂದು 2000ರಲ್ಲಿ, ನಾರ್ತಂಬರ್‌ಲೆಂಡಿನ ಆನಿಕ್ ಪಟ್ಟಣದ ಹಳೆಯ ರೈಲು ನಿಲ್ದಾಣದಲ್ಲಿರುವ ‘ಬಾರ್ಟರ್ ಬುಕ್ಸ್’ ಎಂಬ ಹಳೆಪುಸ್ತಕದ ಅಂಗಡಿಯವರಿಗೆ, ಹರಾಜಿನಲ್ಲಿ ಕೊಂಡ ಪುಸ್ತಕಗಳ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು. ಮಾಲೀಕರಾದ ಸ್ಟುವರ್ಟ್ ಮತ್ತು ಮೇರಿ ಮ್ಯಾನ್ಲಿ ದಂಪತಿ ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದರು. ಗಿರಾಕಿಗಳು ಕೇಳತೊಡಗಿದಾಗ ನಕಲು ಅಚ್ಚು ಮಾಡಿಸಿ ಮಾರಿದರು. ಸರ್ಕಾರಿ ಕೃತಿಗೆ ಇದ್ದ ಹಕ್ಕುಸ್ವಾಮ್ಯದ ಅವಧಿ ಮುಗಿದಿದ್ದರಿಂದ ಇತರರೂ ಅದನ್ನು ಬಟ್ಟಲು, ಅಂಗಿಗಳ ಮೇಲೆ ಮುದ್ರಿಸಿದರು. 2008ರ ಆರ್ಥಿಕ ಕುಸಿತದ ಸುಮಾರಿಗೆ ಅದು ದೇಶದ ಗಡಿಯನ್ನೂ ದಾಟಿತು.

ಕಿರೀಟ ಬದಲಾಗಲಿಲ್ಲ, ಪದವೂ ಬದಲಾಗಲಿಲ್ಲ, ಬದಲಾದದ್ದು ಹೇಳುವವರು. ಆಳುವವರು ಹೇಳಿದ್ದರೆ ಅಪ್ಪಣೆಯೆನಿಸಬಹುದಾಗಿದ್ದ ಮಾತು, ಸಂಕಟದಲ್ಲಿರುವವರು ತಮಗೂ ಪಕ್ಕದವರಿಗೂ ಹೇಳಿಕೊಂಡಾಗ ಸಾಂತ್ವನವಾಯಿತು. ಧೈರ್ಯ ಹೇಳುವ ಅಧಿಕಾರ ಕಷ್ಟದಲ್ಲಿ ಪಾಲುಗೊಂಡವರಿಗೆ ಮಾತ್ರ ದಕ್ಕುತ್ತದೆ.