ಮಕ್ಕಳ ಪುಸ್ತಕ ಮತ್ತು ಮನೆಯ ಮಾತು

ಕೆಲವು ತಿಂಗಳುಗಳ ಹಿಂದೆ ಕಾಪು ಸಮೀಪದ ಪ್ರಾಥಮಿಕ ಶಾಲೆಯೊಂದಕ್ಕೆ ಹೋಗಿದ್ದೆ. ಮಕ್ಕಳಿಗೆ ಒಂದು ಕಥೆ ಓದಿ ಹೇಳಬೇಕೆಂಬುದು ಅಲ್ಲಿಯ ಅಧ್ಯಾಪಿಕೆಯವರ ಅಪೇಕ್ಷೆಯಾಗಿತ್ತು. ಪಂಜೆ ಮಂಗೇಶರಾಯರ ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬುದನ್ನು ಆರಿಸಿಕೊಂಡೆ. ಹೆಸರು ಓದುತ್ತಲೇ ಮಕ್ಕಳ ಮುಖ ಸಪ್ಪಗಾಯಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು, “ಸಿಗಡಿ ಅಂದರೆ ಏನು ಸರ್?” ಎಂದು ಕೇಳಿಯೇಬಿಟ್ಟಳು. “ಎಟ್ಟಿ, ಮಗಾ” ಎಂದೆ. ತರಗತಿಗೆ ತರಗತಿಯೇ ನಕ್ಕಿತು. ಕಡಲ ದಂಡೆಯಲ್ಲಿ ಬೆಳೆದ ಮಕ್ಕಳು ಅವರು. ಬಿಸಿಲಿಗೆ ಹರಡಿದ ಎಟ್ಟಿ ಹೇಗೆ ಒಣಗುತ್ತದೆ ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು. ಅವರಿಗೆ ತಿಳಿಯದೆ ಇದ್ದದ್ದು ಪುಸ್ತಕದ ಆ ಒಂದು ಶಬ್ದ ಮಾತ್ರ.

ಮಕ್ಕಳ ಸಾಹಿತ್ಯದ ಮಾತು ಬಂದಾಗ ನಾವು ನೀತಿಯನ್ನು ಚರ್ಚಿಸುತ್ತೇವೆ, ರಂಜನೆಯನ್ನು ಚರ್ಚಿಸುತ್ತೇವೆ. ನಮ್ಮ ಕರಾವಳಿಯಲ್ಲಿ ಇವೆರಡಕ್ಕೂ ಮುಂಚಿನ ಪ್ರಶ್ನೆಯೊಂದು ಉಂಟು. ಉಡುಪಿ, ಕಾಪು, ಕಾರ್ಕಳಗಳ ಬಹುಪಾಲು ಮನೆಗಳಲ್ಲಿ ಆಡುವ ಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಬಡಗಿನ ಕುಂದಾಪುರ ಸೀಮೆಯಲ್ಲಿ ಕನ್ನಡವೇ ಮನೆಮಾತಾದರೂ ಅದು ಪುಸ್ತಕದ ಕನ್ನಡದಿಂದ ಬಹುದೂರ. ಹೀಗಾಗಿ ಇಲ್ಲಿಯ ಮಗು ಬರೆಹದ ಕನ್ನಡವನ್ನು ಮೊದಲು ಎದುರುಗೊಳ್ಳುವುದು ಪುಸ್ತಕದ ಹೊಸ್ತಿಲಿನಲ್ಲಿ. ಆ ಹೊಸ್ತಿಲು ಎತ್ತರವಾಗಿದ್ದರೆ ಮಗು ಅಂಗಳದಲ್ಲೇ ಉಳಿದುಬಿಡುತ್ತದೆ. ನಮ್ಮ ಜಿಲ್ಲೆಗಳು ಕೊಟ್ಟ ಮೂವರು ಹಿರಿಯರು ಈ ಹೊಸ್ತಿಲನ್ನು ಮೂರು ಬಗೆಯಲ್ಲಿ ತಗ್ಗಿಸಿದರು.

ಮೊದಲನೆಯವರು ಪಂಜೆಯವರು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಅವರ ಮನೆಮಾತು ಕೊಂಕಣಿ. ಅಧ್ಯಾಪಕರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ಊರೂರಿನ ಮಕ್ಕಳನ್ನು ಕಂಡವರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದವರು. 1934ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಅವರು ಹಿಡಿದ ದಾರಿ ಕಿವಿಯದು. ಅವರ ಶಿಶುಗೀತೆಗಳಲ್ಲಿ ಶಬ್ದ ಕುಣಿಯುತ್ತದೆ, ಮರುಕಳಿಸುತ್ತದೆ. ಅರ್ಥ ತಿಳಿಯುವ ಮೊದಲೇ ನಾಲಗೆ ಅದನ್ನು ಹಿಡಿದುಕೊಳ್ಳುತ್ತದೆ. ಕನ್ನಡವನ್ನು ಹೊರಗಿನಿಂದ ಬಂದು ಒಲಿಸಿಕೊಂಡವರಿಗೆ ಅದರ ನಾದ ಹೆಚ್ಚು ಕೇಳಿಸಿತೋ ಏನೋ. ಇದು ನನ್ನ ಊಹೆ.

ಎರಡನೆಯವರು ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು. ಅವರದು ಕುತೂಹಲದ ದಾರಿ. 1936ರಲ್ಲಿ ಅವರು ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಹೊರತಂದರು. ಆಕಾಶ, ಭೂಮಿ, ಪ್ರಾಣಿಪಕ್ಷಿ, ಯಂತ್ರ, ದೇಶವಿದೇಶಗಳ ಜನಜೀವನ, ಎಲ್ಲವನ್ನೂ ಕನ್ನಡದ ಮಗುವಿನ ಮುಂದೆ ಹರಡಬೇಕೆಂಬ ಒಬ್ಬ ವ್ಯಕ್ತಿಯ ಸಾಹಸ ಅದು. ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣಕ್ಕಾಗಿ ಅವರು ನಡೆಸಿದ ಪ್ರಯೋಗಗಳ ಹಿಂದೆಯೂ ಇದೇ ನಂಬಿಕೆಯಿತ್ತು. ವಸ್ತುವನ್ನು ಬಲ್ಲ ಮಗುವಿಗೆ ಅದರ ಹೆಸರನ್ನು ಕಲಿಯುವುದು ಹೊರೆಯಲ್ಲ ಎಂಬ ತಿಳಿವು ಅವರಿಗಿತ್ತು.

ಮೂರನೆಯವರನ್ನು ನಮ್ಮವರೆಂದು ನಾವು ನೆನೆಯುವುದು ಕಡಿಮೆ. ‘ಅಮರ ಚಿತ್ರಕಥೆ’ಯ ಅನಂತ ಪೈಗಳು ಹುಟ್ಟಿದ್ದು 1929ರಲ್ಲಿ, ಕಾರ್ಕಳದಲ್ಲಿ. ಎರಡು ವರ್ಷದ ಕೂಸಾಗಿದ್ದಾಗಲೇ ತಂದೆತಾಯಿಯರನ್ನು ಕಳೆದುಕೊಂಡು, ಹನ್ನೆರಡನೆಯ ವಯಸ್ಸಿಗೆ ಮುಂಬಯಿ ಸೇರಿದವರು. 1967ರಲ್ಲಿ ದೆಹಲಿಯ ದೂರದರ್ಶನದಲ್ಲಿ ನಡೆದ ಪ್ರಶ್ನೋತ್ತರ ಸ್ಪರ್ಧೆಯೊಂದನ್ನು ಅವರು ನೋಡಿದರು. ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿದ ವಿದ್ಯಾರ್ಥಿಗಳು ರಾಮನ ತಾಯಿಯ ಹೆಸರು ಹೇಳಲಾರದೆ ಹೋದರಂತೆ. ಮಾಲೆಯ ಮೊದಲ ಹತ್ತು ಸಂಚಿಕೆಗಳು ಪಾಶ್ಚಾತ್ಯ ಕಥೆಗಳು, ಹನ್ನೊಂದನೆಯದು ‘ಕೃಷ್ಣ’. ಪೈಗಳ ದಾರಿ ಕಣ್ಣಿನದು. ಓದು ಕುಂಟಿದಲ್ಲಿ ಚಿತ್ರ ಕೈಹಿಡಿಯುತ್ತದೆ. ಆ ಚಿತ್ರಗಳು ಸ್ತ್ರೀಯರನ್ನೂ ಕೆಳವರ್ಗದವರನ್ನೂ ತೋರಿಸಿದ ಬಗೆಗೆ ವಿದ್ವಾಂಸರು ಎತ್ತಿದ ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ಆದರೂ ಎಷ್ಟೋ ಮಕ್ಕಳು ತಾವಾಗಿಯೇ ಕೊನೆಯ ಪುಟದವರೆಗೆ ಓದಿದ ಮೊದಲ ಪುಸ್ತಕ ಅದೇ ಎಂಬುದೂ ನಿಜ.

ಈ ಪರಂಪರೆ ಬತ್ತಿಹೋಗಿಲ್ಲ. ಮಣಿಪಾಲದಲ್ಲಿ ಬ್ಯಾಂಕಿನ ಉದ್ಯೋಗದಲ್ಲಿದ್ದ ಬೊಳುವಾರು ಮಹಮದ್ ಕುಂಞಿಯವರು ‘ತಟ್ಟು ಚಪ್ಪಾಳೆ ಪುಟ್ಟ ಮಗು’ ಎಂಬ ಮಕ್ಕಳ ಪದ್ಯಗಳ ಸಂಕಲನವನ್ನು ಸಂಪಾದಿಸಿದರು. ಗಾಂಧಿಯವರನ್ನು ಕುರಿತ ಅವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕತೆ’ಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಸಂದಿತು. ಬರೆಯುವವರು ಇದ್ದಾರೆ. ಆದರೆ ಹೊಸ್ತಿಲು ಈಗ ಇನ್ನಷ್ಟು ಎತ್ತರವಾಗಿದೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಆಡಿ, ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಕಲಿಯುವ ಮಗುವಿಗೆ ಕನ್ನಡ ಎರಡೂ ಕಡೆಯಿಂದ ದೂರ. ಅಂಥ ಮಗುವಿಗೆ ಹುಟ್ಟುಹಬ್ಬದ ದಿನ ಒಂದು ಕನ್ನಡ ಪುಸ್ತಕವನ್ನು ಕೊಟ್ಟು, ಕರ್ತವ್ಯ ಮುಗಿಯಿತೆಂದು ಕೈತೊಳೆದುಕೊಂಡರೆ ಆಗದು. ಪಕ್ಕದಲ್ಲಿ ಕೂತು ಓದಬೇಕು. ತಡವರಿಸಿದಲ್ಲಿ ಮನೆಯ ಮಾತಿನಿಂದ ಬೆಳಕು ಹಿಡಿಯಬೇಕು.

ಇದನ್ನು ಹೇಳುವ ನಾನು ತಪ್ಪಿತಸ್ಥನೇ. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದೆ. ವಿದ್ಯಾರ್ಥಿಗಳ ಬರೆಹದಲ್ಲಿ ಮನೆಮಾತಿನ ಶಬ್ದವೊಂದು ನುಸುಳಿದರೆ ಕೆಂಪು ಶಾಯಿಯಿಂದ ಹೊಡೆದುಹಾಕಿದೆ. ಭಾಷಾಶುದ್ಧಿಯನ್ನು ಕಾಯುತ್ತಿದ್ದೇನೆಂದು ತಿಳಿದಿದ್ದೆ. ಎಷ್ಟು ಮಂದಿಯ ಬಾಯಿ ಅದರಿಂದ ಮುಚ್ಚಿತೋ ಲೆಕ್ಕವಿಟ್ಟಿಲ್ಲ.

ಅಂದು ಕಾಪುವಿನಲ್ಲಿ ಕಥೆ ಮುಗಿದ ಮೇಲೆ ಆ ಹುಡುಗಿ ಪುಸ್ತಕವನ್ನು ಬೇಡಿ ಪಡೆದಳು. ಬಿಡುವಿನ ಗಂಟೆ ಹೊಡೆದಾಗ ಜಗಲಿಯಲ್ಲಿ ಕುಳಿತು ತನಗಿಂತ ಕಿರಿಯ ಇಬ್ಬರಿಗೆ ಗಟ್ಟಿಯಾಗಿ ಓದುತ್ತಿದ್ದಳು. ‘ಸಿಗಡಿ’ ಎಂದಿದ್ದಲ್ಲೆಲ್ಲ ಅವಳು ಓದಿದ್ದು ‘ಎಟ್ಟಿ’ ಎಂದೇ. ಹಳೆಯ ಅಭ್ಯಾಸಬಲದಿಂದ ತಿದ್ದಲು ಬಾಯಿ ತೆರೆದೆ. ಆಮೇಲೆ ಸುಮ್ಮನೆ ಕುಳಿತು ಕೊನೆಯವರೆಗೂ ಕೇಳಿದೆ.