‘ಓವರ್‌ಲೋಡ್’ ಅಂದರೆ ಬಿಸಿಲು ಹೆಚ್ಚಾಗಿದ್ದಲ್ಲ
ಸೋಲಾರ್ ಇನ್ವರ್ಟರ್ ಕೂಗಿಕೊಂಡಾಗ ಮನೆಯವರೇ ನೋಡಬಹುದಾದ ಸಂಗತಿಗಳು

ನಮ್ಮ ಬೆದ್ದಲು ಸೀಮೆಯ ಹಳ್ಳಿಗಳಲ್ಲೂ ಈಗ ತಾರಸಿ ಮೇಲೆ, ಶೀಟಿನ ಮೇಲೆ ಸೋಲಾರ್ ಪ್ಯಾನೆಲ್ ಕಾಣಸಿಗುತ್ತವೆ. ಒಂದೋ ಎರಡೋ ಪ್ಯಾನೆಲ್, ಒಂದು ಇನ್ವರ್ಟರ್, 150 ಎ.ಎಚ್.ನ ಒಂದು ಬ್ಯಾಟರಿ. ಸಾಮಾನ್ಯ ಮನೆಗೆ ಇಷ್ಟೇ. ಮೊದಲ ವರ್ಷ ಚೆನ್ನಾಗಿ ನಡೆಯುತ್ತೆ. ಆಮೇಲೊಂದು ದಿನ ಯಂತ್ರ ಕೀಂ ಎಂದು ಕೂಗಿ, ಕೆಂಪು ದೀಪ ಹತ್ತಿ, ಮನೆಯೆಲ್ಲ ಕತ್ತಲಾಗುತ್ತೆ. ಪರದೆ ಇರುವ ಯಂತ್ರವಾದರೆ ‘ಓವರ್‌ಲೋಡ್’ ಅಂತ ಬರುತ್ತೆ.

ಬಹಳ ಜನ ಇದನ್ನು ‘ಬಿಸಿಲು ಜಾಸ್ತಿಯಾಗಿ ಕರೆಂಟು ಹೆಚ್ಚಾಗಿ ಹುಟ್ಟಿಬಿಟ್ಟಿದೆ’ ಎಂದು ತಿಳಿಯುತ್ತಾರೆ. ಅದು ತಪ್ಪು. ಎತ್ತಿಗೆ ಮೇವು ಜಾಸ್ತಿ ಹಾಕಿದ್ದಕ್ಕೆ ಗಾಡಿಯ ಅಚ್ಚು ಮುರಿಯೋದಿಲ್ಲ. ಗಾಡಿಗೆ ಹೇರಿದ್ದು ಜಾಸ್ತಿಯಾದರೆ ಮುರಿಯುತ್ತೆ. ಪ್ಯಾನೆಲ್ಲು ಮೇವು ಇದ್ದ ಹಾಗೆ. ಇನ್ವರ್ಟರ್ ಕೂಗೋದು ಮನೆಯೊಳಗಿನ ಸಾಮಾನು ಅದರಿಂದ ಎಳೆಯುವ ಕರೆಂಟು ಮಿತಿ ಮೀರಿದಾಗ.

ನಂಟರು, ಬೀಗರ ಮನೆಗಳಲ್ಲಿ ಈ ತೊಂದರೆ ಬಂದಾಗ ನನ್ನನ್ನು ಕರೆಯುವುದುಂಟು. ನಾಲ್ಕು ತಾಲ್ಲೂಕಿನ ನಾಲ್ಕು ಮನೆಯ ವಿಷಯ ಇಲ್ಲಿ ಬರೆದಿದ್ದೇನೆ. ಕೆಂಪು ದೀಪ ಎಲ್ಲ ಕಡೆ ಒಂದೇ. ಕಾರಣ ಮಾತ್ರ ಬೇರೆ ಬೇರೆ.

ಪ್ಯಾನೆಲ್ಲಿಗೆ ಟಾರ್ಪಾಲು!

ಕೆ.ಆರ್. ಪೇಟೆ ಕಡೆಯ ಮನೆ. ಮಟಮಟ ಮಧ್ಯಾಹ್ನ ಕರೆಂಟು ಇದ್ದಾಗಲೇ ಇನ್ವರ್ಟರ್ ಕೂಗುತ್ತಿತ್ತು. “ಬಿಸ್ಲು ಜಾಸ್ತಿ ಆಯ್ತದೆ ಕಣಣ್ಣ, ಅದ್ಕೇ ಟಾರ್ಪಾಲು ಹೊದಿಸ್ತೀವಿ, ಸರಿಹೋಯ್ತದೆ” ಎಂದರು. ಹೊದಿಸಿದರೆ ನಿಜಕ್ಕೂ ಸರಿಹೋಗುತ್ತಿತ್ತು!

ಗುಟ್ಟು ಇಷ್ಟೆ. ಸೋಲಾರಿಗೆ ಮೊದಲ ಆದ್ಯತೆ ಕೊಡುವ ಯಂತ್ರಗಳು, ಬಿಸಿಲು ಚೆನ್ನಾಗಿ ಬಿದ್ದು ಬ್ಯಾಟರಿ ತುಂಬಿದ್ದರೆ, ಲೈನಿನ ಕರೆಂಟನ್ನು ತಾವೇ ಬಿಟ್ಟು ಮನೆಯ ಹೊರೆಯನ್ನೆಲ್ಲ ತಮ್ಮ ಮೇಲೆ ಹಾಕಿಕೊಳ್ಳುತ್ತವೆ. ಆ ಹೊತ್ತಿಗೇ ಅವರ ಮನೆಯಲ್ಲಿ 1,000 ವಾಟ್ ಇಸ್ತ್ರಿಪೆಟ್ಟಿಗೆ ಹಾಕುತ್ತಿದ್ದರು. ಯಂತ್ರ 850 ವಿ.ಎ.ದು. ಕೂಗದೆ ಇನ್ನೇನು ಮಾಡೀತು? ಟಾರ್ಪಾಲು ಹೊದಿಸಿದಾಗ ಸೋಲಾರ್ ಸಾಲದೆ ಯಂತ್ರ ಮತ್ತೆ ಲೈನಿಗೆ ಹೋಗುತ್ತಿತ್ತು. ಇಸ್ತ್ರಿಪೆಟ್ಟಿಗೆ ಲೈನಿನ ಕರೆಂಟಿನಲ್ಲಿ ಕಾಯುತ್ತಿತ್ತು. ಇಸ್ತ್ರಿಪೆಟ್ಟಿಗೆಯ ಪಾಯಿಂಟನ್ನು ಇನ್ವರ್ಟರ್ ಸಾಲಿನಿಂದ ಬಿಡಿಸಿ ನೇರ ಲೈನಿಗೆ ಹಾಕಿಸಿದರು. ಟಾರ್ಪಾಲು ಈಗ ರಾಗಿ ಕಣಕ್ಕೆ ಹೋಗಿದೆ.

ಮೋಟ್ರು ಏಳುವ ಗಳಿಗೆ

ಪಾಂಡವಪುರ ಕಡೆಯ ಮನೆಯಲ್ಲಿ ಹಸು ಇವೆ, ಹಾಲು ಕರೆಯುವ ಯಂತ್ರ ಇದೆ. ಬೆಳಗ್ಗೆ ಕರೆಂಟು ಹೋದ ದಿನ ಮಾತ್ರ ಓವರ್‌ಲೋಡ್. “ಮೋಟ್ರು ಒಂದೇ ಎಚ್.ಪಿ., 746 ವಾಟ್, ಯಂತ್ರ ಸಾವಿರದ್ದು” ಎಂಬುದು ಅವರ ಲೆಕ್ಕ.

746 ವಾಟ್ ಎಂಬುದು ಮೋಟ್ರಿನ ಶಾಫ್ಟಿನಲ್ಲಿ ಸಿಗುವ ಕೆಲಸ. ಅಷ್ಟು ಕೊಡಲು ಅದು ಸುಮಾರು ಸಾವಿರ ವಾಟ್ ಎಳೆಯುತ್ತೆ. ಅಲ್ಲದೆ ನಿಂತ ಮೋಟ್ರು ಏಳುವಾಗ ಒಂದೆರಡು ಗಳಿಗೆ ಓಡುವಾಗಿನ ಐದಾರು ಪಟ್ಟು ಕರೆಂಟು ಕೇಳುತ್ತೆ. ತುಂಬಿದ ಗಾಡಿಯನ್ನು ಕೆಸರಿನಿಂದ ಎಬ್ಬಿಸುವಾಗ ಎತ್ತು ಮಂಡಿಯೂರುವುದಿಲ್ಲವೆ, ಹಾಗೆ. ಟ್ಯಾಂಕಿಗೆ ನೀರೆತ್ತುವ ಮೋಟ್ರು, ಮೇವು ಕತ್ತರಿಸುವ ಯಂತ್ರ, ಫ್ರಿಜ್ಜು ಇವಕ್ಕೂ ಇದೇ ಮಾತು. ಸಣ್ಣ ಇನ್ವರ್ಟರಿಗೆ ಇವನ್ನು ಹಾಕಲೇಬಾರದು. ಈ ಮನೆಯವರು ಕರೆಂಟು ಹೋದ ದಿನ ಕೈಯಲ್ಲೇ ಕರೆಯುತ್ತಾರೆ.

ಸ್ವಿಚ್ಚೆಲ್ಲ ಆರಿಸಿದರೂ ಕೂಗು

ಶ್ರೀರಂಗಪಟ್ಟಣ ಕಡೆಯ ಮನೆ. ನಾಲೆ ಬಯಲು, ಗೋಡೆಗೆ ಯಾವಾಗಲೂ ತೇವ. ಸ್ವಿಚ್ಚೆಲ್ಲ ಆರಿಸಿದರೂ ಕೆಂಪು ದೀಪ. ಇನ್ವರ್ಟರಿನ ಔಟ್‌ಪುಟ್ ಬಿಡಿಸಿ ಬರೀ ಯಂತ್ರ ಹಾಕಿದರೆ ಸುಮ್ಮನೆ ಹಸಿರು ದೀಪ. ಅಂದರೆ ಯಂತ್ರದಲ್ಲಿ ದೋಷವಿಲ್ಲ, ಮನೆಯ ವೈರಿಂಗಿನಲ್ಲಿದೆ ಎಂದಾಯಿತು. ಎಲೆಕ್ಟ್ರಿಷಿಯನ್ ಕರೆಸಿ ನೋಡಿದರೆ ಹಿತ್ತಲ ಗೋಡೆಯ ಜಂಕ್ಷನ್ ಪೆಟ್ಟಿಗೆಗೆ ಮಳೆನೀರು ಇಳಿದಿತ್ತು. ಜೊತೆಗೆ, ಹೊಸ ಕೋಣೆ ಕಟ್ಟಿದಾಗ ಇನ್ವರ್ಟರ್ ಸಾಲನ್ನೂ ಲೈನಿನ ಸಾಲನ್ನೂ ಒಂದೇ ಕಡೆ ಸೇರಿಸಿಬಿಟ್ಟಿದ್ದರು.

ಈ ಎರಡನೆಯದು ಬಹಳ ಅಪಾಯ. ಎರಡು ಸಾಲು ಸೇರಿದರೆ ಯಂತ್ರ ಸುಡಬಹುದು. ಅಷ್ಟೇ ಅಲ್ಲ, ಕರೆಂಟು ತೆಗೆದು ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮನೆಯ ಕರೆಂಟು ಹಿಂದಕ್ಕೆ ಹರಿದು ಹೊಡೆಯಬಹುದು. ಅವನ ಮನೆಯಲ್ಲೂ ಹೆಂಡತಿ ಮಕ್ಕಳು ಕಾಯುತ್ತಿರುತ್ತಾರೆ.

ಮೇಕೆ ಉಳಿಸಿದ ಬ್ಯಾಟರಿ

ನಾಗಮಂಗಲ ಕಡೆಯ ಮನೆಯಲ್ಲಿ ಹೊರೆ ಅಂದರೆ ನಾಲ್ಕು ಬಲ್ಬು, ಎರಡು ಫ್ಯಾನು. ಆದರೂ ರಾತ್ರಿ ಕರೆಂಟು ಹೋಗಿ ಅರ್ಧ ಗಂಟೆಗೆ ಕೆಂಪು ದೀಪ. ಪೇಟೆಯಲ್ಲಿ ವಿಚಾರಿಸಿದರೆ “ದೊಡ್ಡ ಇನ್ವರ್ಟರೇ ಹಾಕ್ಸಿ” ಎಂದರಂತೆ. ಅದಕ್ಕೆ ಎರಡು ಮೇಕೆ ಸಂತೆಗೆ ಹೊಡೆಯುವ ಮಾತು ನಡೆದಿತ್ತು.

ಬ್ಯಾಟರಿ ನೋಡಿದರೆ ಐದು ವರ್ಷದ್ದು. ಟರ್ಮಿನಲ್ ಮೇಲೆ ಬಿಳೀ ಪುಡಿ, ನೀರು ತಳ ಕಂಡಿತ್ತು. ತುಂಬಿದ 12 ವೋಲ್ಟ್ ಬ್ಯಾಟರಿ ಕೆಲಸವಿಲ್ಲದೆ ನಿಂತಾಗ 12.6ರಿಂದ 12.7 ವೋಲ್ಟ್ ತೋರಿಸಬೇಕು. ಎರಡು ಫ್ಯಾನು ಹಾಕಿದ ಕೂಡಲೆ 11ಕ್ಕಿಂತ ಕೆಳಗೆ ಕುಸಿದರೆ ಅದರ ಕಸುವು ಮುಗಿದಿದೆ ಎಂದರ್ಥ. ವೋಲ್ಟ್ ಕುಸಿದಷ್ಟೂ ಅದೇ ಕೆಲಸಕ್ಕೆ ಯಂತ್ರ ಹೆಚ್ಚು ಆಂಪಿಯರ್ ಎಳೆಯಬೇಕು. ಸಡಿಲ ಟರ್ಮಿನಲ್ ಇದ್ದರಂತೂ ಅಲ್ಲೇ ಬಿಸಿಯಾಗಿ ವೋಲ್ಟ್ ಇನ್ನೂ ಬೀಳುತ್ತೆ. ಎರಡಕ್ಕೂ ಒಂದೇ ಕೆಂಪು ದೀಪ ಇರುವ ಯಂತ್ರದಲ್ಲಿ ಬ್ಯಾಟರಿ ಸೋತದ್ದೋ, ಹೊರೆ ಹೆಚ್ಚಾದದ್ದೋ ಗೊತ್ತಾಗುವುದಿಲ್ಲ.

ಟರ್ಮಿನಲ್ ತೊಳೆದು, ಡಿಸ್ಟಿಲ್ಡ್ ವಾಟರ್ ತುಂಬಿ, ಒಂದು ದಿನ ಚಾರ್ಜ್ ಮಾಡಿದ ಮೇಲೆ ಸ್ವಲ್ಪ ದಿನ ನಡೆಯಿತು. ಆಮೇಲೆ ಬ್ಯಾಟರಿ ಒಂದನ್ನೇ ಬದಲಾಯಿಸಿದರು. ಇನ್ವರ್ಟರ್ ಅದೇ ಇದೆ. ಮೇಕೆಗಳೂ ಇವೆ.

ಹುಡುಕುವ ಕ್ರಮ

1. ಯಂತ್ರ ಆಫ್ ಮಾಡಿ. ಇನ್ವರ್ಟರ್ ಸಾಲಿನ ಸ್ವಿಚ್ಚೆಲ್ಲ ಆರಿಸಿ, ಪ್ಲಗ್ಗೆಲ್ಲ ಕಿತ್ತುಬಿಡಿ. ಐದು ನಿಮಿಷ ಬಿಟ್ಟು ಆನ್ ಮಾಡಿ. ಕೆಲವು ಯಂತ್ರಗಳು ಮೂರು ನಾಲ್ಕು ಸಲ ತಾವೇ ಎದ್ದು ನೋಡಿ, ಆಗದಿದ್ದರೆ ಬೀಗ ಹಾಕಿಕೊಳ್ಳುತ್ತವೆ. ಆರಿಸಿ ಹಾಕಿದರೇ ಅವು ಮತ್ತೆ ಏಳೋದು.

2. ಈಗ ಕೂಗದಿದ್ದರೆ ಒಂದೊಂದೇ ಸಾಮಾನು ಹಾಕುತ್ತ ಬನ್ನಿ. ಲೈನಿನ ಕರೆಂಟು ಇದ್ದರೆ ಈ ಪರೀಕ್ಷೆ ನಡೆಯೋದಿಲ್ಲ, ಹೊರೆ ಲೈನಿನ ಮೇಲೆ ಹೋಗುತ್ತೆ. ಇನ್ವರ್ಟರಿಗೆ ಬರುವ ಲೈನಿನ ಸ್ವಿಚ್ಚು ಆರಿಸಿ ನೋಡಬೇಕು. ಯಾವುದನ್ನು ಹಾಕಿದಾಗ ಕೂಗಿತೋ ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಹಾಕಿ. ಸುಮ್ಮನಿದ್ದರೆ ಕಳ್ಳ ಸಿಕ್ಕಿದ. ಅದನ್ನು ಒಂದನ್ನೇ ಹಾಕಿದರೆ ಓಡುತ್ತೆ, ಎಲ್ಲದರ ಜೊತೆ ಹಾಕಿದರೆ ಕೂಗುತ್ತೆ ಎಂದಾದರೆ ಒಟ್ಟು ಹೊರೆಯೇ ಜಾಸ್ತಿ.

3. ಎಲ್ಲ ಆರಿಸಿದ್ದರೂ ಕೂಗಿದರೆ ಯಂತ್ರ ಆಫ್ ಮಾಡಿ ಔಟ್‌ಪುಟ್ ಬಿಡಿಸಿ, ಬರೀ ಯಂತ್ರ ಹಾಕಿ ನೋಡಿ. ಕೂಗು ನಿಂತರೆ ದೋಷ ವೈರಿಂಗಿನಲ್ಲಿ. ಇಲಿ ಕಡಿದ ವೈರು, ತೇವ, ತಪ್ಪಾಗಿ ಸೇರಿದ ಸಾಲು ಇರಬಹುದು. ಔಟ್‌ಪುಟ್ ಬಿಡಿಸಿದರೂ ನಿಲ್ಲದಿದ್ದರೆ ಬ್ಯಾಟರಿ ನೋಡಿಸಿ. ಅದೂ ಸರಿಯಿದ್ದರೆ ದೋಷ ಯಂತ್ರದೊಳಗೆ. ಅದರ ಮುಚ್ಚಳ ನಾವು ಬಿಚ್ಚೋದು ಬೇಡ.

4. ಯಂತ್ರಕ್ಕೆ ಗಾಳಿ ಆಡುತ್ತದೆಯೇ ನೋಡಿ. ರಾಗಿ ಮೂಟೆ ಸಂದಿಯಲ್ಲಿ, ಮುಚ್ಚಿದ ಬೀರುವಿನಲ್ಲಿ ಇಟ್ಟರೆ ಬಿಸಿಯಾಗಿ ಕಡಿಮೆ ಹೊರೆಗೇ ಸೋಲುತ್ತೆ.

ಲೆಕ್ಕ ಹೀಗೆ

ಪೆಟ್ಟಿಗೆ ಮೇಲಿನ 850 ವಿ.ಎ. ಎಂಬುದು ವಾಟ್ ಅಲ್ಲ. ಅದನ್ನು 0.8ರಿಂದ ಗುಣಿಸಿ. ಸುಮಾರು 680 ವಾಟ್. ದಿನಾ ಓಡಿಸಲು 500 ವಾಟ್ ಒಳಗೇ ಇಟ್ಟುಕೊಂಡರೆ ಕ್ಷೇಮ.

9 ವಾಟಿನ ನಾಲ್ಕು ಎಲ್.ಇ.ಡಿ. ಬಲ್ಬು: 36
75 ವಾಟಿನ ಮೂರು ಫ್ಯಾನು: 225
ಟಿ.ವಿ.: 60
ಎರಡು ಮೊಬೈಲ್ ಚಾರ್ಜರ್: 20
ಒಟ್ಟು: 341 ವಾಟ್

ಇಷ್ಟು ಓಡುತ್ತಿರುವಾಗ 500 ವಾಟಿನ ಮಿಕ್ಸಿ ಹಾಕಿದರೆ 841 ಆಯಿತು, ಕೂಗಲೇಬೇಕು. ಚಟ್ನಿ ರುಬ್ಬುವಷ್ಟು ಹೊತ್ತು ಫ್ಯಾನು, ಟಿ.ವಿ. ಆರಿಸಿದರೂ ಮಿಕ್ಸಿ ಏಳುವಾಗ ಕೂಗಬಹುದು. ನೀರು ಕಾಯಿಸುವ ಕಾಯಿಲ್ 1,000ದಿಂದ 2,000 ವಾಟ್. ಅದರ ಸುದ್ದಿಯೇ ಬೇಡ. ಹಳೇ ಫ್ಯಾನು ಹೋದಾಗ ಬಿ.ಎಲ್.ಡಿ.ಸಿ. ಫ್ಯಾನು ತಂದರೆ 75 ಇದ್ದದ್ದು 30-35ಕ್ಕೆ ಇಳಿಯುತ್ತೆ. ದೊಡ್ಡ ಇನ್ವರ್ಟರ್ ತರುವುದಕ್ಕಿಂತ ಇದು ಅಗ್ಗ.

ಮಾಡಬಾರದ್ದು

ಫ್ಯೂಸಿಗೆ ದಪ್ಪ ತಂತಿ ಸುತ್ತಬೇಡಿ. ಕೂಗೋ ಯಂತ್ರವನ್ನು ಮತ್ತೆ ಮತ್ತೆ ಆನ್ ಮಾಡಿ ಬೆದರಿಸಬೇಡಿ. ಬ್ಯಾಟರಿ ಹತ್ತಿರ ಬೀಡಿ, ಊದುಬತ್ತಿ ಬೇಡ. ಚಾರ್ಜ್ ಆಗುವಾಗ ಹೊರಬರುವ ಜಲಜನಕ ಕಿಡಿಗೆ ಹೊತ್ತಿಕೊಳ್ಳುತ್ತೆ. ಲೈನ್ ಹೋಗಿದ್ದರೂ ಇನ್ವರ್ಟರ್ ಸಾಲಿನಲ್ಲಿ ಪ್ರಾಣ ತೆಗೆಯುವಷ್ಟು ಕರೆಂಟು ಇರುತ್ತೆ. ಹಾಗೇ ಬಿಸಿಲಿರುವ ತನಕ ಪ್ಯಾನೆಲ್ ವೈರಿನಲ್ಲೂ ಕರೆಂಟು ಇರುತ್ತೆ. ಒದ್ದೆ ಕೈಯಲ್ಲಿ ಮುಟ್ಟಬೇಡಿ.

ಅಂಗಡಿಯವರು ಹೇಳಿದರೆಂದು ಕೇಳದೆ ಮಾಡದೆ ಪ್ಯಾನೆಲ್ ಕೂಡಿಸಲೂ ಬೇಡಿ. ಪ್ಯಾನೆಲ್ಲುಗಳನ್ನು ಒಂದರ ಬಾಲಕ್ಕೆ ಒಂದು ಸೇರಿಸಿದರೆ ವೋಲ್ಟ್ ಕೂಡುತ್ತ ಹೋಗುತ್ತೆ. ಯಂತ್ರದ ಮಿತಿ ದಾಟಿದರೆ ಅದು ಸುಡುತ್ತೆ. ಚಳಿಯ ಬೆಳಗಿನಲ್ಲಿ ಪ್ಯಾನೆಲ್ ವೋಲ್ಟ್ ಇನ್ನೂ ಏರುತ್ತೆ. ಪ್ಯಾನೆಲ್ ಕಡೆಯಿಂದ ಬರುವ ತೊಂದರೆ ಇದು. ಓವರ್‌ಲೋಡ್ ಅಲ್ಲ, ಬೇರೆಯೇ ಕಾಯಿಲೆ.

ಬ್ಯಾಟರಿ ಇಲ್ಲದ ಸೋಲಾರ್

2024ರ ಫೆಬ್ರವರಿಯಲ್ಲಿ ಶುರುವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವಾಟಿಗೆ 30 ಸಾವಿರ, 2ಕ್ಕೆ 60 ಸಾವಿರ, 3 ಮತ್ತು ಮೇಲ್ಪಟ್ಟದ್ದಕ್ಕೆ 78 ಸಾವಿರ ರೂಪಾಯಿ ಸಹಾಯಧನ ಗೊತ್ತುಮಾಡಿದರು. ಅದರಲ್ಲಿ ಸಾಮಾನ್ಯವಾಗಿ ಹಾಕುವುದು ಲೈನಿಗೆ ಸೇರುವ, ಬ್ಯಾಟರಿ ಇಲ್ಲದ ಇನ್ವರ್ಟರ್. ಲೈನ್ ಹೋದರೆ ಅದೂ ನಿಲ್ಲುತ್ತೆ. ಇದು ದೋಷವಲ್ಲ, ಲೈನ್‌ಮನ್ ಜೀವ ಕಾಯಲು ಮಾಡಿದ ಏರ್ಪಾಡು. ಮಧ್ಯಾಹ್ನ ಲೈನ್ ಇದ್ದಾಗಲೂ ನಿಂತರೆ ಪರದೆ ಮೇಲಿನ ವೋಲ್ಟ್ ಬರೆದಿಡಿ. 230 ಇರಬೇಕಾದದ್ದು 253 ದಾಟಿದ್ದರೆ ಲೈನಿನ ವೋಲ್ಟೇ ಜಾಸ್ತಿ. ದಿನ, ಹೊತ್ತು, ವೋಲ್ಟ್ ಬರೆದು ಸೆಸ್ಕ್ ಕಚೇರಿಗೆ ಕೊಡಿ ಅಥವಾ 1912ಕ್ಕೆ ಫೋನ್ ಮಾಡಿ.

ಬ್ಯಾಟರಿ ಇರಲಿ, ಇಲ್ಲದಿರಲಿ, ಮೆಕ್ಯಾನಿಕ್ ಬಂದ ಕೂಡಲೆ ಕೇಳೋದು ಮೂರೇ ಮಾತು. ಎಷ್ಟು ಹೊತ್ತಿಗೆ ಕೂಗಿತು? ಆಗ ಲೈನಿನಲ್ಲಿ ಕರೆಂಟು ಇತ್ತೋ ಇಲ್ಲವೋ? ಏನೇನು ಓಡುತ್ತಿತ್ತು? ಇನ್ವರ್ಟರ್ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿ, ಪೆನ್ನು ಕಟ್ಟಿಡಿ. ಕೂಗಿದಾಗಲೆಲ್ಲ ಈ ಮೂರನ್ನೂ ಮಕ್ಕಳ ಕೈಲಿ ಬರೆಸಿ. ನಾಲ್ಕು ಸಲ ಬರೆದರೆ ಕಾರಣ ಬಹುಮಟ್ಟಿಗೆ ನಮಗೇ ಹೊಳೆಯುತ್ತೆ.