ಯಾವ ಬಾಕ್ಸ್ ಹಿಲ್ ಆದರೇನು? ಕೌನ್ಸಿಲ್ ಸ್ವಯಂಸೇವಕರಾಗಲು ಮೊದಲ ಹೆಜ್ಜೆಗಳು

ಆಸ್ಟ್ರೇಲಿಯಾದ ಕನ್ನಡಿಗರ ಯಾವುದಾದರೂ ವಾಟ್ಸ್‌ಆ್ಯಪ್ ಗುಂಪಿನಲ್ಲಿ "ನಾವು ಬಾಕ್ಸ್ ಹಿಲ್‌ಗೆ ಮನೆ ಬದಲಾಯಿಸಿದೆವು" ಎಂದು ಹಾಕಿ ನೋಡಿ. ಅಭಿನಂದನೆಗಿಂತ ಮೊದಲು ಬರುವುದು "ಯಾವ ಬಾಕ್ಸ್ ಹಿಲ್?" ಎಂಬ ಪ್ರಶ್ನೆ. ಮೆಲ್ಬರ್ನ್‌ನ ಬಾಕ್ಸ್ ಹಿಲ್ ನಗರ ಕೇಂದ್ರದಿಂದ ಪೂರ್ವಕ್ಕೆ ಸುಮಾರು 14 ಕಿಲೋಮೀಟರ್ ದೂರದ ಹಳೆಯ ಊರು. ರೈಲು ನಿಲ್ದಾಣ, 109ನೇ ಟ್ರ್ಯಾಮಿನ ಕೊನೆಯ ನಿಲ್ದಾಣ, ದೊಡ್ಡ ಆಸ್ಪತ್ರೆ, ಮುಗಿಲೆತ್ತರದ ಅಪಾರ್ಟ್‌ಮೆಂಟುಗಳು ಎಲ್ಲವೂ ಅಲ್ಲಿವೆ. ಸಿಡ್ನಿಯ ಬಾಕ್ಸ್ ಹಿಲ್ ವಾಯವ್ಯದ ಅಂಚಿನಲ್ಲಿ, ರೌಸ್ ಹಿಲ್‌ನ ಮಗ್ಗುಲಲ್ಲಿದೆ. ಇತ್ತೀಚಿನವರೆಗೆ ಕುದುರೆ, ದನ ಮೇಯುತ್ತಿದ್ದ ಜಾಗದಲ್ಲಿ ಈಗ ಸಾಲು ಸಾಲು ಹೊಸ ಮನೆಗಳು.

ಊರು ಎರಡಾದರೂ ನಮ್ಮವರ ದಿನಚರಿ ಹೆಚ್ಚುಕಡಿಮೆ ಒಂದೇ. ವಾರದ ಐದು ದಿನ ಆಫೀಸು, ಶನಿವಾರ ಈಜು, ಕ್ರಿಕೆಟ್, ಭಾನುವಾರ ಕನ್ನಡ ಶಾಲೆ ಅಥವಾ ಯಾರದಾದರೂ ಮನೆಯ ಸತ್ಯನಾರಾಯಣ ಪೂಜೆ. ಕೌನ್ಸಿಲ್ ಎಂದರೆ ಬಣ್ಣದ ಮುಚ್ಚಳದ ಕಸದ ಡಬ್ಬಿಗಳು ಮತ್ತು ರೇಟ್ಸ್ ಬಿಲ್ಲು, ಅಷ್ಟೆ. ಪಕ್ಕದ ಪಾರ್ಕಿನ ಗಿಡಗಳನ್ನು ಯಾರು ನೆಟ್ಟರು, ಲೈಬ್ರರಿಯ ಕಥಾ ಸಮಯಕ್ಕೆ ಕುರ್ಚಿ ಜೋಡಿಸುವವರು ಯಾರು ಎಂದು ಕೇಳಿಕೊಳ್ಳಲು ಪುರುಸೊತ್ತಿಲ್ಲ. ಅವರಲ್ಲಿ ಹಲವರು ಸಂಬಳವಿಲ್ಲದ ಸ್ವಯಂಸೇವಕರು. ಆ ಸಾಲಿನಲ್ಲಿ ನಮ್ಮ ಮನೆಯವರೂ ನಿಲ್ಲಬಹುದು.

ಎರಡು ಭಾಷೆಯ ಮನೆಗೆ ಇದರಿಂದ ಏನು?

ಎರಡು ಭಾಷೆಯಲ್ಲಿ ಬೆಳೆಯುವ ಮಗು ತಲೆಯೊಳಗೆ ಒಂದು ನಕ್ಷೆ ಬರೆದುಕೊಂಡಿರುತ್ತದೆ. ಅಡುಗೆಮನೆ, ಅಜ್ಜಿಯ ವಿಡಿಯೋ ಕಾಲ್, ಭಾನುವಾರದ ತರಗತಿ ಕನ್ನಡದ ಜಾಗಗಳು. ಉಳಿದ ಪ್ರಪಂಚವೆಲ್ಲ ಇಂಗ್ಲಿಷಿನದು. ಆ ನಕ್ಷೆಯಲ್ಲಿ ಅಪ್ಪ, ಅಮ್ಮ ಕೂಡ ಮನೆಯೊಳಗಿನವರೇ. ಹೊರಗೆ ಅವರು ಕಾರು ಓಡಿಸುವವರು, ಫಾರ್ಮ್ ತುಂಬುವವರು.

ಅದೇ ಅಮ್ಮ ಪಾರ್ಕಿನಲ್ಲಿ ಹೆಸರಿನ ಬಿಲ್ಲೆ ತಗುಲಿಸಿಕೊಂಡು ಇಪ್ಪತ್ತು ಜನರಿಗೆ ಗುಂಡಿ ಎಷ್ಟು ಆಳ ತೋಡಬೇಕೆಂದು ನಮ್ಮದೇ ಧಾಟಿಯ ಇಂಗ್ಲಿಷಿನಲ್ಲಿ ಹೇಳುವುದನ್ನು, ಜನ ಕೇಳಿ ಹಾಗೆಯೇ ಮಾಡುವುದನ್ನು ಮಗು ನೋಡಿದರೆ ನಕ್ಷೆ ಬದಲಾಗುತ್ತದೆ. ಈ ಊರು ನಮ್ಮದೂ ಹೌದು, ಕನ್ನಡ ಮಾತಾಡುವವರೂ ಇಲ್ಲಿ ಬೇಕಾದವರು ಎಂಬುದನ್ನು ಬಾಯಲ್ಲಿ ಹೇಳಿ ನಂಬಿಸುವುದು ಕಷ್ಟ. ಕಣ್ಣಿಗೆ ಬಿದ್ದರೆ ವಾದವೇ ಬೇಡ.

ಇನ್ನೊಂದು ಲಾಭ ಶಬ್ದಗಳದು. ಭಾಷೆ ಬಳಕೆಯಾಗುವ ಸನ್ನಿವೇಶಗಳಿದ್ದಷ್ಟೇ ಮಕ್ಕಳ ಶಬ್ದಭಂಡಾರ ಬೆಳೆಯುತ್ತದೆ. "ಊಟ ಮಾಡು, ಹಲ್ಲುಜ್ಜು, ಮಲಗು" ಎಂಬಲ್ಲಿಗೇ ಮನೆಯ ಕನ್ನಡ ನಿಂತುಬಿಡುವುದು ನಮಗೆಲ್ಲ ಗೊತ್ತಿರುವ ಕಷ್ಟ. ಕಳೆ ಕೀಳುವಾಗ ಬೇರು, ಬುಡ, ಚಿಗುರು, ಹಸಿಮಣ್ಣು, ಎರೆಹುಳ ಎಂಬ ಮಾತುಗಳು ತಾವಾಗಿಯೇ ಬರುತ್ತವೆ.

ಇದು ನಮಗೆ ಹೊಸದಲ್ಲ

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿಯಿದೆ. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಾವು ಬಂದರೆ, ನಾಳೆ ನಮ್ಮ ಗದ್ದೆಗೆ ನೀವು. ಕೆರೆಯ ಹೂಳು ಎತ್ತಲು ಶ್ರಮದಾನ, ಮದುವೆ ಮನೆಯಲ್ಲಿ ಬಡಿಸಲು ಬೀದಿಯ ಹುಡುಗರೆಲ್ಲ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿ ಅಧ್ಯಕ್ಷರಾಗಿದ್ದಾಗ, ಹಿಂದೂಸ್ತಾನಿ ಸೇವಾದಳ ಕಟ್ಟಿದ್ದ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್ ಅವರ ಸ್ವಯಂಸೇವಕರು ಅಲ್ಲಿ ದುಡಿದರು. ಸ್ವಯಂಸೇವಕ ಎಂಬ ಮಾತಿಗೆ ಕನ್ನಡದ ನೆಲದಲ್ಲಿ ನೂರು ವರ್ಷದ ನೆನಪಿದೆ.

ವ್ಯತ್ಯಾಸ ಒಂದಿದೆ. ಮುಯ್ಯಾಳಿನಲ್ಲಿ ಯಾರಿಗೆ ಯಾರು ಬಾಕಿ ಎಂಬ ಲೆಕ್ಕವಿತ್ತು. ಇಲ್ಲಿ ನೀವು ಮಾಡಿದ ಕೆಲಸದ ಋಣವನ್ನು ತೀರಿಸುವವರು ಬೇರೆ ಯಾರೋ, ಇನ್ನೆಲ್ಲೋ. ಜೊತೆಗೆ ಇಲ್ಲಿ ಅರ್ಜಿ ಇದೆ, ತಪಾಸಣೆ ಇದೆ, ಸಹಿ ಹಾಕುವ ಪುಸ್ತಕವಿದೆ. "ಬಿಟ್ಟಿ ಕೆಲಸ ಮಾಡಲು ಇಷ್ಟೊಂದು ಕಾಗದವೇ?" ಎಂದು ಬೇಸರಿಸಬೇಡಿ. ಆ ಕಾಗದ ಮಕ್ಕಳು, ವೃದ್ಧರು ಮತ್ತು ನಿಮ್ಮ ಸುರಕ್ಷತೆಗಾಗಿಯೇ ಇರುವುದು.

ಎಲ್ಲಿ, ಯಾವ ಕೆಲಸ?

ಮೊದಲು ನಿಮ್ಮ ಕೌನ್ಸಿಲ್ ಯಾವುದೆಂದು ತಿಳಿಯಿರಿ. ಮೆಲ್ಬರ್ನ್‌ನ ಬಾಕ್ಸ್ ಹಿಲ್ ಇರುವುದು ವೈಟ್‌ಹಾರ್ಸ್ ಸಿಟಿ ಕೌನ್ಸಿಲ್‌ನಲ್ಲಿ. ಹಳೆಯ ಬಾಕ್ಸ್ ಹಿಲ್ ಮತ್ತು ನನವಾಡಿಂಗ್ ನಗರಸಭೆಗಳು 1994ರಲ್ಲಿ ಸೇರಿ ಆದದ್ದು ಅದು. ಸಿಡ್ನಿಯ ಬಾಕ್ಸ್ ಹಿಲ್ ಇರುವುದು ಹಿಲ್ಸ್ ಶೈರ್ ಕೌನ್ಸಿಲ್‌ನಲ್ಲಿ. 2008ರವರೆಗೆ ಅದರ ಹೆಸರು ಬಾಲ್ಕಮ್ ಹಿಲ್ಸ್ ಶೈರ್.

ವೈಟ್‌ಹಾರ್ಸ್ ಕಡೆಯವರಿಗೆ ಬಾಕ್ಸ್ ಹಿಲ್ ನಾರ್ತ್‌ನಲ್ಲಿ ಗ್ರೀನ್‌ಲಿಂಕ್ ಎಂಬ ಸಸ್ಯಪಾಲನಾ ಕೇಂದ್ರವಿದೆ. ಆ ಭಾಗದ ಮೂಲ ಸಸ್ಯಗಳನ್ನು ಬೀಜದಿಂದ ಬೆಳೆಸಿ ಮಾರುವವರು ಸ್ವಯಂಸೇವಕರೇ. ಬ್ಲ್ಯಾಕ್‌ಬರ್ನ್ ಲೇಕ್ ಅಭಯಾರಣ್ಯದಲ್ಲಿ ಗಿಡ ನೆಡುವ, ಕಳೆ ತೆಗೆಯುವ ಕೆಲಸವಿದೆ. ಮಿಚಮ್‌ನ ಶ್ವೆರ್ಕೋಲ್ಟ್ ಕಾಟೇಜ್, 1860ರ ದಶಕದಲ್ಲಿ ಜರ್ಮನಿಯಿಂದ ಬಂದವನೊಬ್ಬ ಕಟ್ಟಿದ ಕಲ್ಲಿನ ಮನೆ. ಈಗ ಅದು ವಸ್ತುಸಂಗ್ರಹಾಲಯ. ಬಂದವರಿಗೆ ಅಲ್ಲಿನ ಕಥೆ ಹೇಳುವ ಕೆಲಸ, ಇನ್ನೊಂದು ದೇಶದಿಂದ ಬಂದ ನಮಗೆ ಚೆನ್ನಾಗಿಯೇ ಒಪ್ಪುತ್ತದೆ.

ಹಿಲ್ಸ್ ಶೈರ್ ಕಡೆಯವರಿಗೆ ಅನಂಗ್ರೋವ್‌ನಲ್ಲಿ ಕೌನ್ಸಿಲ್‌ನ ಪರಿಸರ ಕೇಂದ್ರ ಮತ್ತು ನರ್ಸರಿ ಇದೆ. ಬುಷ್‌ಕೇರ್ ಗುಂಪುಗಳು ಮೀಸಲು ಕಾಡುಗಳನ್ನು ನೋಡಿಕೊಳ್ಳುತ್ತವೆ. ಪಶ್ಚಿಮ ಸಿಡ್ನಿಯ ಬಯಲಿನ ಕಂಬರ್ಲೆಂಡ್ ಪ್ಲೇನ್ ಕಾಡು ಅಳಿವಿನ ಅಂಚಿನಲ್ಲಿರುವ ಕಾಡುಗಳಲ್ಲೊಂದು. ಹೊಸ ಮನೆಗಳು ಎದ್ದಲ್ಲೆಲ್ಲ ಉಳಿದ ತುಂಡು ಕಾಡಿನ ಬೆಲೆ ಹೆಚ್ಚು. ಅಲ್ಲಿ ಕೀಳುವ ಕಳೆಗಳಲ್ಲಿ ಒಂದನ್ನು ನೋಡಿ ನೀವು ನಗಬಹುದು: ಲಂಟಾನ. ಬಂಡೀಪುರದಲ್ಲೂ ಮಲೆ ಮಹದೇಶ್ವರ ಬೆಟ್ಟದಲ್ಲೂ ಕಾಡನ್ನು ನುಂಗುತ್ತಿರುವ ಅದೇ ಪೊದೆ. ಮೂಲ ಅಮೆರಿಕ ಖಂಡದ್ದು. ಎರಡೂ ಕಡೆಗೆ ತೋಟದ ಅಲಂಕಾರಕ್ಕೆಂದು ತಂದದ್ದು ಕಾಡಿಗೆ ಹಾರಿತು. ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಬೇಕೆ?

ಗಿಡ, ಮಣ್ಣು ಒಗ್ಗದವರಿಗೆ ಲೈಬ್ರರಿ, ಹಿರಿಯರ ಭೇಟಿ, ಹಬ್ಬದ ದಿನದ ಮಾಹಿತಿ ಮೇಜು, ಊಟ ತಲುಪಿಸುವುದು ಇಂಥ ಕೆಲಸಗಳಿವೆ. ಮನೆಬಾಗಿಲಿಗೆ ಊಟ ಒಯ್ಯುವ ಮೀಲ್ಸ್ ಆನ್ ವೀಲ್ಸ್ ಈ ದೇಶದಲ್ಲಿ ಶುರುವಾದದ್ದು 1953ರಲ್ಲಿ, ಸೌತ್ ಮೆಲ್ಬರ್ನ್‌ನಲ್ಲಿ ನ್ಯಾನ್ಸಿ ಡಾಬ್ಸನ್ ಎಂಬಾಕೆ ಮೂರು ಚಕ್ರದ ಸೈಕಲ್ಲಿನಲ್ಲಿ ಊಟ ಒಯ್ದಾಗ. ಕೆಲವು ಸೇವೆಗಳನ್ನು ಕೌನ್ಸಿಲ್ ತಾನೇ ನಡೆಸುತ್ತದೆ, ಕೆಲವನ್ನು ಬೇರೆ ಸಂಸ್ಥೆಗಳು ನಡೆಸುತ್ತವೆ. ಕೌನ್ಸಿಲ್‌ನ ಸ್ವಯಂಸೇವಾ ಸಂಯೋಜಕರಿಗೆ ಫೋನ್ ಮಾಡಿದರೆ ಸರಿಯಾದ ಬಾಗಿಲು ತೋರಿಸುತ್ತಾರೆ.

ಕಾಗದಪತ್ರ: ಹೆದರುವಷ್ಟಿಲ್ಲ

ಸಾಮಾನ್ಯವಾಗಿ ದಾರಿ ಹೀಗಿರುತ್ತದೆ. ಕೌನ್ಸಿಲ್ ವೆಬ್‌ಸೈಟಿನಲ್ಲಿ ಖಾಲಿ ಇರುವ ಕೆಲಸಗಳ ಪಟ್ಟಿ ನೋಡುವುದು, ಅರ್ಜಿ ತುಂಬುವುದು, ಚಿಕ್ಕ ಮಾತುಕತೆ, ನಿಮ್ಮನ್ನು ಬಲ್ಲ ಒಬ್ಬಿಬ್ಬರ ಹೆಸರು ಕೊಡುವುದು, ತಪಾಸಣೆ, ಕೊನೆಗೆ ಪರಿಚಯ ತರಬೇತಿ. ಹೆಸರು ಕೊಡುವಾಗ ಬಂಧುಗಳು ಬೇಡ. ಆಫೀಸಿನವರು, ಕನ್ನಡ ಶಾಲೆಯ ಶಿಕ್ಷಕರು, ಮಗುವಿನ ಕ್ರೀಡಾ ತಂಡದ ತರಬೇತುದಾರರು ಆಗಬಹುದು.

ಮಕ್ಕಳೊಡನೆ ಕೆಲಸವಾದರೆ ವರ್ಕಿಂಗ್ ವಿತ್ ಚಿಲ್ಡ್ರನ್ ಚೆಕ್ ಬೇಕು. ಎರಡೂ ರಾಜ್ಯಗಳಲ್ಲಿ ಸ್ವಯಂಸೇವಕರಿಗೆ ಇದು ಉಚಿತ, 5 ವರ್ಷ ಚಾಲ್ತಿಯಲ್ಲಿರುತ್ತದೆ. ವಿಕ್ಟೋರಿಯಾದಲ್ಲಿ ಸರ್ವಿಸ್ ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್‌ನಲ್ಲಿ ಸರ್ವಿಸ್ ಎನ್‌ಎಸ್‌ಡಬ್ಲ್ಯು ಮೂಲಕ ಅರ್ಜಿ. ಎರಡು ಮಾತು ನೆನಪಿಡಿ. ಸ್ವಯಂಸೇವಕರ ಚೆಕ್ ಇಟ್ಟುಕೊಂಡು ಸಂಬಳದ ಕೆಲಸ ಮಾಡುವಂತಿಲ್ಲ. ಒಂದು ರಾಜ್ಯದ ಚೆಕ್ ಇನ್ನೊಂದರಲ್ಲಿ ನಡೆಯುವುದಿಲ್ಲ, ಹಾಗಾಗಿ ಈ ಬಾಕ್ಸ್ ಹಿಲ್‌ನಿಂದ ಆ ಬಾಕ್ಸ್ ಹಿಲ್‌ಗೆ ಹೋದವರು ಮತ್ತೆ ಅರ್ಜಿ ಹಾಕಬೇಕು.

ಹಿರಿಯರ ಮನೆಗೆ ಹೋಗುವಂಥ ಕೆಲಸಕ್ಕೆ ಪೊಲೀಸ್ ಚೆಕ್ ಕೇಳುವುದು ವಾಡಿಕೆ. ಅದರ ಖರ್ಚು ಯಾರದು, ಕಾರು ಬಳಸಿದರೆ ಪೆಟ್ರೋಲ್ ಹಣ ಕೊಡುತ್ತಾರೆಯೇ, ಬಿದ್ದು ಪೆಟ್ಟಾದರೆ ವಿಮೆ ಇದೆಯೇ ಎಂದು ಮೊದಲೇ ಕೇಳಿ. ಇದರಲ್ಲಿ ಸಂಕೋಚ ಬೇಡ. ಇಲ್ಲಿ ಕೇಳುವುದನ್ನು ಯಾರೂ ಅಧಿಕಪ್ರಸಂಗ ಎಂದುಕೊಳ್ಳುವುದಿಲ್ಲ.

ಊರಿಂದ ಬಂದಿರುವ ಅಜ್ಜ, ಅಜ್ಜಿಯರನ್ನು ಸೇರಿಸುವ ಮುನ್ನ ಅವರ ವೀಸಾ ಷರತ್ತುಗಳನ್ನು ನೋಡಿ. ಸಂಬಳವಿಲ್ಲ ಎಂದ ಮಾತ್ರಕ್ಕೆ ಎಲ್ಲವೂ ಸ್ವಯಂಸೇವೆ ಆಗುವುದಿಲ್ಲ. ಬೇರೊಬ್ಬರು ಸಂಬಳಕ್ಕೆ ಮಾಡಬೇಕಾದ ಕೆಲಸವಾದರೆ ಅದು ಕೆಲಸವೇ. ವೀಸಾ ಷರತ್ತು ತಿಳಿಯಲು ಸರ್ಕಾರದ ವೀವೋ ವ್ಯವಸ್ಥೆ ಇದೆ.

ಮಕ್ಕಳನ್ನು ಕರೆದೊಯ್ಯಬಹುದೇ?

ಎಲ್ಲ ಕೆಲಸಕ್ಕೂ ಆಗದು. ಊಟ ಹಂಚುವ ಸುತ್ತಿಗೆ ಮೂರು ವರ್ಷದ ಮಗುವನ್ನು ಒಯ್ಯಲಾಗದು. ಆದರೆ ಕುಟುಂಬ ಸಮೇತ ಹೋಗುವ ದಿನಗಳು ವರ್ಷದಲ್ಲಿ ಹಲವು. ಮಾರ್ಚ್ ತಿಂಗಳ ಮೊದಲ ಭಾನುವಾರ ಕ್ಲೀನ್ ಅಪ್ ಆಸ್ಟ್ರೇಲಿಯಾ ದಿನ. 1989ರಲ್ಲಿ ಇಯಾನ್ ಕೀರ್ನನ್ ಸಿಡ್ನಿ ಬಂದರನ್ನು ಸ್ವಚ್ಛ ಮಾಡಲು ಕರೆಕೊಟ್ಟಾಗ ಸುಮಾರು 40,000 ಜನ ಬಂದರು, ಮರುವರ್ಷ ಅದು ಇಡೀ ದೇಶಕ್ಕೆ ಹಬ್ಬಿತು. ಜುಲೈ ಕೊನೆಗೆ ರಾಷ್ಟ್ರೀಯ ವೃಕ್ಷ ದಿನ. ಇವೆರಡರಲ್ಲಿ ಒಂದಕ್ಕೆ ಹೋಗಿ ಬನ್ನಿ. ಅರ್ಧ ದಿನದ ಕೆಲಸ, ಮುಂದಿನ ಬದ್ಧತೆ ಇಲ್ಲ. ನಿಮಗೂ ಮಕ್ಕಳಿಗೂ ಒಗ್ಗುತ್ತದೆಯೇ ಎಂದು ತಿಳಿಯಲು ಇಷ್ಟು ಸಾಕು.

ಹೈಸ್ಕೂಲು ಮಕ್ಕಳಿಗೆ ಡ್ಯೂಕ್ ಆಫ್ ಎಡಿನ್‌ಬರೋ ಪ್ರಶಸ್ತಿ ಇದೆ. 14 ವರ್ಷದಿಂದ ಸೇರಬಹುದು. ಅದರ ಸೇವಾ ವಿಭಾಗಕ್ಕೆ ವಾರಕ್ಕೊಂದು ಗಂಟೆಯಂತೆ ಕನಿಷ್ಠ ಮೂರು ತಿಂಗಳು ಕೆಲಸ ಮಾಡಬೇಕು. ಕನ್ನಡ ಶಾಲೆಯಲ್ಲಿ ಚಿಕ್ಕವರಿಗೆ ಅಕ್ಷರ ತಿದ್ದಿಸುವುದನ್ನೂ ಸೇವೆಯಾಗಿ ಲೆಕ್ಕ ಹಿಡಿಯುತ್ತಾರೆಯೇ ಎಂದು ಶಾಲೆಯ ಸಂಯೋಜಕರನ್ನು ಮೊದಲೇ ಕೇಳಿ. ಕನ್ನಡ ಶಾಲೆಗೆ ಬರಲು ಮುಖ ಸಿಂಡರಿಸುವ ಹದಿನೈದರ ಹುಡುಗ, ಮೇಷ್ಟ್ರಾಗಿ ಕರೆದರೆ ಬಂದಾನು.

ಕನ್ನಡಕ್ಕೆ ಜಾಗ ಎಲ್ಲಿ?

ಲೈಬ್ರರಿಯಲ್ಲಿ ಕೇಳಿ. ಮೆಲ್ಬರ್ನ್ ಬಾಕ್ಸ್ ಹಿಲ್‌ನ ಗ್ರಂಥಾಲಯ ವೈಟ್‌ಹಾರ್ಸ್ ಮ್ಯಾನಿಂಗ್‌ಹ್ಯಾಮ್ ಲೈಬ್ರರೀಸ್‌ಗೆ ಸೇರಿದೆ. ಸಿಡ್ನಿಯವರಿಗೆ ಹತ್ತಿರದ್ದು ರೌಸ್ ಹಿಲ್‌ನ ವಿನೆಗರ್ ಹಿಲ್ ಮೆಮೋರಿಯಲ್ ಲೈಬ್ರರಿ. 1804ರಲ್ಲಿ ಐರಿಷ್ ಕೈದಿಗಳು ಎದ್ದ ದಂಗೆಯ ನೆನಪಿಗೆ ಆ ಹೆಸರು. ದ್ವಿಭಾಷಾ ಕಥಾ ಸಮಯಕ್ಕೆ ಕನ್ನಡ ಸೇರಿಸಬಹುದೇ ಎಂದು ಕೇಳುವುದು ಒಂದು ಇಮೇಲಿನ ಕೆಲಸ. "ನಾವು ಹತ್ತು ಮನೆಯವರು ಮಕ್ಕಳನ್ನು ಕರೆತರುತ್ತೇವೆ, ಓದಲು ಇಬ್ಬರಿದ್ದೇವೆ" ಎಂದು ಬರೆದರೆ ಮಾತಿಗೆ ತೂಕ. ಒಪ್ಪಿದ ಮೇಲೆ ಎರಡನೇ ವಾರ ಯಾರೂ ಬಾರದಿದ್ದರೆ ಮುಂದಿನವರಿಗೂ ಬಾಗಿಲು ಮುಚ್ಚಿದಂತೆ.

ಒಂದು ಗಡಿಯೂ ಇದೆ. ಕನ್ನಡ ಬಲ್ಲವರೆಂದು ಗೊತ್ತಾದರೆ "ಈ ಅಜ್ಜಿಗೆ ಸ್ವಲ್ಪ ಹೇಳಿ" ಎಂಬ ಕೋರಿಕೆ ಬರಬಹುದು. ಚಹಾಕ್ಕೆ ಸಕ್ಕರೆ ಬೇಕೇ ಎಂದು ಕೇಳುವುದು ಸರಿ. ಔಷಧಿ, ಕಾನೂನು, ಹಣದ ವಿಷಯವಾದರೆ ನೀವು ದುಭಾಷಿಯಾಗಬೇಡಿ, ಮಕ್ಕಳನ್ನಂತೂ ಮಾಡಲೇಬೇಡಿ. ಒಂದು ಮಾತು ತಪ್ಪಿದರೂ ಕಷ್ಟ. ಅದಕ್ಕೆ ಸರ್ಕಾರದ ಟಿಸ್ ನ್ಯಾಷನಲ್ ಸೇವೆ ಇದೆ, ಸಂಖ್ಯೆ 131 450.

ಮೊದಲ ಮೂರು ತಿಂಗಳು

ಹುರುಪಿನಲ್ಲಿ ವಾರಕ್ಕೆ ಎರಡು ದಿನ ಒಪ್ಪಿಕೊಳ್ಳಬೇಡಿ. ತಿಂಗಳಿಗೆ ಎರಡು ಗಂಟೆ ಸಾಕು, ಆದರೆ ತಪ್ಪಬೇಡಿ. ಬರಲಾಗದಿದ್ದರೆ ಹಿಂದಿನ ದಿನವೇ ತಿಳಿಸಿ. ನಮ್ಮ "ನೋಡೋಣ, ಬರ್ತೀನಿ" ಇಲ್ಲಿ "ಖಂಡಿತ ಬರ್ತಾರೆ" ಎಂದೇ ಕೇಳಿಸುತ್ತದೆ. ಮೊದಲ ದಿನಗಳಲ್ಲಿ ಕುರ್ಚಿ ಜೋಡಿಸುವುದು, ಲೋಟ ತೊಳೆಯುವುದೇ ನಿಮ್ಮ ಪಾಲಿಗೆ ಬಂದರೆ ನಿಮ್ಮ ಡಿಗ್ರಿಯನ್ನು ನೆನೆದು ನೊಂದುಕೊಳ್ಳಬೇಡಿ. ನಿಮ್ಮ ಪಕ್ಕದಲ್ಲಿ ಲೋಟ ಒರೆಸುತ್ತಿರುವ ಹಿರಿಯರು ನಿವೃತ್ತ ನ್ಯಾಯಾಧೀಶರಿರಬಹುದು.

ಕೆಲಸ ಹುಡುಕುತ್ತಿರುವವರಿಗೆ ಇದು ನೌಕರಿಯ ಹಿಂಬಾಗಿಲಲ್ಲ. ಆರು ತಿಂಗಳು ನಿಮ್ಮನ್ನು ಕಂಡ ಸಂಯೋಜಕರು ನಾಳೆ ನಿಮ್ಮ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಬಹುದು, ಅದು ನಿಜ. ಆದರೆ ಅದಕ್ಕೆಂದೇ ಬಂದವರನ್ನು ಅವರು ಬೇಗ ಗುರುತಿಸುತ್ತಾರೆ. ಕೆಲಸ ಒಗ್ಗದಿದ್ದರೆ ಹೇಳಿ ಬಿಡಿ, ಬೇರೆಯದನ್ನು ಕೇಳಿ. ಸದ್ದಿಲ್ಲದೆ ಮಾಯವಾಗುವುದಕ್ಕಿಂತ ಅದೇ ಮರ್ಯಾದೆ.

ಈ ವಾರಾಂತ್ಯಕ್ಕೆ ಒಂದೇ ಕೆಲಸ: ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಮ್ಮ ಕೌನ್ಸಿಲ್‌ನ ಸ್ವಯಂಸೇವೆಯ ಪಟ್ಟಿ ತೆರೆಯಿರಿ. ಪ್ರತಿಯೊಂದು ಕೆಲಸವನ್ನೂ ಕನ್ನಡದಲ್ಲಿ ವಿವರಿಸಿ, "ನಮ್ಮ ಮನೆಗೆ ಯಾವುದು ಸರಿ?" ಎಂದು ಅವರನ್ನೇ ಕೇಳಿ. ಅವರು ಆರಿಸಿದ್ದಕ್ಕೆ ಅರ್ಜಿ ಹಾಕಿ.